ಮಕ್ಕಳ ಕೈಗಳನ್ನು ನಂಬಿದ ಮಾತೆ: ಡಾ. ಮರಿಯಾ ಮಾಂಟೆಸ್ಸರಿ

ಆಗಮನ ಕಾಲವು ಸಮೀಪಿಸಿತೆಂದರೆ ನಮ್ಮ ಬಿದರೆಹಳ್ಳಿ ಕಾವಲಿನ ಸುತ್ತಣ ಹೊಲಗಳಲ್ಲಿ ರಾಗಿಯ ಕೊಯ್ಲಿನ ಕಾಲವೂ ಬಂದಿರುತ್ತದೆ. ಅದೇ ರಾಗಿಯ ಒಂದು ಹಿಡಿಯನ್ನು ತಟ್ಟೆಯ ಮಣ್ಣಿನಲ್ಲಿ ಚೆಲ್ಲಿ, ದಿನವೂ ನೀರು ಚಿಮುಕಿಸಿ, ಹುಟ್ಟಿದ ಹಸುರು ಪೈರನ್ನು ಬಾಲಯೇಸುವಿನ ಗೋದಲಿಯ ಮುಂದಿರಿಸುವ ವಾಡಿಕೆ ಈ ನಾಡಿನ ಕಥೋಲಿಕ ಮನೆಗಳಲ್ಲುಂಟು. ಆದರೆ ಆ ತಟ್ಟೆಗೆ ನೀರೆರೆಯುವವರು ಯಾರು? ಹಲವು ಮನೆಗಳಲ್ಲಿ ಹಿರಿಯರೇ. ಮಗು ಮುಟ್ಟಿದರೆ ಕೆಟ್ಟೀತೆಂಬ ಅಂಜಿಕೆ. ಈ ಅಂಜಿಕೆಯೊಡನೆ ಜೀವಮಾನವಿಡೀ ಹೋರಾಡಿದ ಕಥೋಲಿಕ ಮಹಿಳೆಯೊಬ್ಬರನ್ನು ನಮ್ಮ ದೇವಾಲಯದ ಶತಮಾನೋತ್ಸವದ ಈ ಸಂಚಿಕೆಯಲ್ಲಿ ಸ್ಮರಿಸುವುದು ಉಚಿತವಾಗಿದೆ. ಅವರ ಹೆಸರನ್ನು ನಮ್ಮ ಪಟ್ಟಣಗಳ ಶಿಶುವಿಹಾರಗಳ ಫಲಕಗಳಲ್ಲಿ ನಿತ್ಯವೂ ಓದುತ್ತೇವೆ. ಅವರು ಧರ್ಮೋಪದೇಶಕ್ಕೆ ಸಲ್ಲಿಸಿದ ಸೇವೆಯನ್ನು ಬಲ್ಲವರು ಮಾತ್ರ ವಿರಳ.

ಮರಿಯಾ ಮಾಂಟೆಸ್ಸರಿಯವರು 1870ರ ಆಗಸ್ಟ್ 31ರಂದು ಇಟಲಿಯ ಅಂಕೋನಾ ಪ್ರಾಂತದ ಕಿಯಾರವಲ್ಲೆ ಎಂಬ ಊರಿನಲ್ಲಿ ಜನಿಸಿದರು. ತಂದೆ ಅಲೆಸ್ಸಾಂದ್ರೊ ಸರ್ಕಾರಿ ನೌಕರರು. ತಾಯಿ ರೆನಿಲ್ದೆ ವಿದ್ಯಾವತಿ. ಮಗಳು ವೈದ್ಯಶಾಸ್ತ್ರವನ್ನು ಓದುವುದು ತಂದೆಗೆ ಸಮ್ಮತವಿರಲಿಲ್ಲ. ಪುರುಷ ವಿದ್ಯಾರ್ಥಿಗಳ ನಡುವೆ ನಿಂತು ಶವಚ್ಛೇದನ ಮಾಡುವುದು ಹೆಣ್ಣಿಗೆ ತರವಲ್ಲವೆಂದು ಆಕೆ ಎಲ್ಲರೂ ಹೋದಮೇಲೆ ಒಬ್ಬಂಟಿಯಾಗಿ ಆ ಕೆಲಸವನ್ನು ಮಾಡಬೇಕಾಗಿತ್ತು. ಆದರೂ ಛಲ ಬಿಡದೆ 1896ರಲ್ಲಿ ರೋಮ್ ವಿಶ್ವವಿದ್ಯಾಲಯದಿಂದ ವೈದ್ಯ ಪದವಿಯನ್ನು ಪಡೆದರು. ಮುಂದೆ ಬುದ್ಧಿಮಾಂದ್ಯರೆಂದು ಹುಚ್ಚಾಸ್ಪತ್ರೆಗೆ ತಳ್ಳಲ್ಪಟ್ಟಿದ್ದ ಮಕ್ಕಳ ಸೇವೆಗೆ ನಿಂತು, ಇತಾರ್ ಮತ್ತು ಸೆಗ್ಯಾನ್ ಎಂಬ ಫ್ರೆಂಚ್ ವೈದ್ಯರ ಗ್ರಂಥಗಳನ್ನು ಅಭ್ಯಾಸ ಮಾಡಿದರು. ಕೈಯಾಡಿಸುವ ವಸ್ತುವಿದ್ದರೆ ಮಗುವಿನ ಬುದ್ಧಿ ಎಚ್ಚರಗೊಳ್ಳುವುದೆಂಬುದು ಅವರಿಗೆ ಮನವರಿಕೆಯಾದದ್ದು ಆಗಲೇ.

ಈ ವರ್ಷಗಳಲ್ಲಿಯೇ ಅವರ ಬದುಕಿನ ಮಹಾ ದುಃಖವೂ ಬಂದೊದಗಿತು. ಸಹೋದ್ಯೋಗಿ ವೈದ್ಯರೊಬ್ಬರಿಂದ, ವಿವಾಹಬಂಧನದ ಹೊರಗೆ, 1898ರಲ್ಲಿ ಅವರಿಗೆ ಮಾರಿಯೋ ಎಂಬ ಮಗನು ಹುಟ್ಟಿದನು. ಲೋಕಾಪವಾದಕ್ಕೆ ಅಂಜಿ ಕೂಸನ್ನು ಹಳ್ಳಿಯ ದಾದಿಯೊಬ್ಬಳ ಮನೆಯಲ್ಲಿ ಬಿಟ್ಟರು. ಆಗಾಗ ಹೋಗಿ ನೋಡಿ ಬರುತ್ತಿದ್ದರೂ ತಾನು ತಾಯಿಯೆಂದು ಹೇಳಿಕೊಳ್ಳುವಂತಿರಲಿಲ್ಲ. ತಮ್ಮ ತಾಯಿ ತೀರಿಕೊಂಡ ಬಳಿಕ, 1913ರಲ್ಲಿ, ಹದಿನೈದರ ಬಾಲಕನನ್ನು ಮನೆಗೆ ಕರೆತಂದರು. ಸಂತರ ಚರಿತ್ರೆಯಂತೆ ಈ ಜೀವನವನ್ನು ಬರೆಯುವವರು ಈ ಸಂಗತಿಯನ್ನು ಮರೆಮಾಚುವುದುಂಟು. ಮರೆಮಾಚಿದರೆ, ಪರರ ಮಕ್ಕಳ ಮೇಲೆ ಈ ತಾಯಿ ಸುರಿಸಿದ ಮಮತೆಯ ಆಳವು ನಮಗೆ ತಿಳಿಯದೇ ಹೋದೀತು.

1907ರ ಜನವರಿ 6, ಮೂರು ರಾಯರ ಹಬ್ಬದ ದಿನ. ರೋಮ್ ನಗರದ ಸಾನ್ ಲೊರೆಂಜೊ ಎಂಬ ಬಡಬಗ್ಗರ ಕೇರಿಯಲ್ಲಿ, ಕೂಲಿಗೆ ಹೋಗುವವರ ಐವತ್ತಕ್ಕೂ ಹೆಚ್ಚು ಮಕ್ಕಳಿಗಾಗಿ ಅವರು ಮಕ್ಕಳ ಮನೆಯನ್ನು ತೆರೆದರು. ಎತ್ತರಕ್ಕೆ ತಕ್ಕ ಪುಟ್ಟ ಮೇಜು ಕುರ್ಚಿಗಳು, ರಂಧ್ರಗಳಿಗೆ ಕೂಡಿಸಬೇಕಾದ ಮರದ ಉರುಳೆಗಳು, ಬೆರಳಿನಿಂದ ತೀಡಲು ಉಪ್ಪುಕಾಗದದ ಅಕ್ಷರಗಳು: ಇವೇ ಅಲ್ಲಿಯ ಪಾಠಪುಸ್ತಕಗಳು. ಅದೇ ವರ್ಷದ ಡಿಸೆಂಬರಿನ ಬಿಸಿಲ ದಿನವೊಂದರಲ್ಲಿ ಮಾಳಿಗೆಯ ಮೇಲೆ ಕುಳಿತಿದ್ದಾಗ ಐದು ವರ್ಷದ ಹುಡುಗನೊಬ್ಬನ ಕೈಗೆ ಸೀಮೆಸುಣ್ಣವನ್ನಿತ್ತು ಹೊಗೆಕೊಳವೆಯ ಚಿತ್ರವನ್ನು ಬರೆಯಲು ಹೇಳಿದರು. ಅವನು ಚಿತ್ರವನ್ನು ಬರೆದು, ಯಾರೂ ಹೇಳದೆಯೇ ನೆಲದ ಮೇಲೆ ಒಂದು ಪದವನ್ನೂ ಬರೆದುಬಿಟ್ಟನು. ಆ ಪದ ಕೈ ಎಂಬುದು. ಆಗಮನ ಕಾಲದ ತಿಂಗಳಲ್ಲಿ ಮಗುವಿನ ಕೈ ತನ್ನ ಹೆಸರನ್ನು ತಾನೇ ಬರೆದುಕೊಂಡಂತಾಯಿತು!

ಈ ವಿಧಾನವನ್ನು ಧರ್ಮೋಪದೇಶಕ್ಕೆ ಅಳವಡಿಸಿದುದು ಸ್ಪೇನಿನ ಬಾರ್ಸಿಲೋನಾ ನಗರದಲ್ಲಿ, 1915ರ ಆಸುಪಾಸಿನಲ್ಲಿ. ಅಲ್ಲಿ ಮಕ್ಕಳಿಗಾಗಿಯೇ ಒಂದು ಪ್ರಾರ್ಥನಾಲಯ ಸಿದ್ಧವಾಯಿತು. ಕೈಗೆಟಕುವ ತೀರ್ಥದ ಬಟ್ಟಲು, ಪುಟ್ಟ ಪೀಠ, ಪುಟ್ಟ ಪೂಜಾಪಾತ್ರೆ. ಕಾಲಕ್ಕೆ ತಕ್ಕಂತೆ ಬದಲಾಗುವ ಪೂಜಾವಸ್ತ್ರಗಳ ಬಣ್ಣವನ್ನು ಮಕ್ಕಳು ಕಂಠಪಾಠ ಮಾಡದೆ ಕಣ್ಣಿಂದಲೇ ಕಲಿತರು. ಇದಕ್ಕಿಂತಲೂ ಹೃದ್ಯವಾದುದು ಅವರ ಹೊಲ. ಬಲಿಪೂಜೆಯ ರೊಟ್ಟಿಗೆ ಬೇಕಾದ ಗೋಧಿಯನ್ನೂ ರಸಕ್ಕೆ ಬೇಕಾದ ದ್ರಾಕ್ಷಿಯನ್ನೂ ಮಕ್ಕಳೇ ಬೆಳೆದರು; ಬಿತ್ತನೆಯೂ ಕೊಯ್ಲೂ ಹಬ್ಬಗಳಾದವು. ಮೊಳಕೆಯೊಡೆಯಲು ಕಾಯುವುದೆಂದರೇನೆಂದು ಬಲ್ಲ ಮಗುವಿಗೆ ರಕ್ಷಕನಿಗಾಗಿ ಕಾಯುವುದನ್ನು ಬಾಯಿಮಾತಿನಲ್ಲಿ ಬೋಧಿಸುವ ಅಗತ್ಯ ಹೆಚ್ಚೇನೂ ಉಳಿಯುವುದಿಲ್ಲವೆಂದು ನನಗೆ ತೋರುತ್ತದೆ. 1918ರಲ್ಲಿ ಜಗದ್ಗುರು ಹದಿನೈದನೆಯ ಬೆನೆಡಿಕ್ಟರು ಅವರಿಗೆ ದರ್ಶನವಿತ್ತು ಹರಸಿದರು. ಮಕ್ಕಳು ಧರ್ಮಸಭೆಯಲ್ಲಿ ಬಾಳುವ ಬಗೆಯನ್ನು ಕುರಿತ ಅವರ ಗ್ರಂಥ 1922ರಲ್ಲಿ ಪ್ರಕಟವಾಯಿತು. 1931ರಲ್ಲಿ ಪೂಜಾವರ್ಷವನ್ನೂ 1932ರಲ್ಲಿ ಬಲಿಪೂಜೆಯನ್ನೂ ಮಕ್ಕಳಿಗೆ ವಿವರಿಸುವ ಪುಸ್ತಕಗಳು ಹೊರಬಂದವು.

ಮುಸೊಲಿನಿಯ ಆಡಳಿತವು ಮೊದಲು ಅವರನ್ನು ಆದರಿಸಿ, ಮಣಿಯದಿದ್ದಾಗ 1934ರಲ್ಲಿ ಶಾಲೆಗಳನ್ನು ಮುಚ್ಚಿಸಿತು. 1936ರ ಅಂತರ್ಯುದ್ಧ ಬಾರ್ಸಿಲೋನಾದಿಂದಲೂ ಓಡಿಸಿತು. ಹಾಲೆಂಡಿನಲ್ಲಿ ನೆಲೆಸಿದ್ದ ಅವರು 1939ರಲ್ಲಿ ಜಾರ್ಜ್ ಅರುಂಡೇಲ್ ಮತ್ತು ರುಕ್ಮಿಣೀದೇವಿ ದಂಪತಿಗಳ ಕರೆಯ ಮೇರೆಗೆ ಮಗನೊಡನೆ ಮದರಾಸಿನ ಅಡಿಯಾರಿಗೆ ಬಂದರು. ಥಿಯಾಸಫಿಸ್ಟರ ಆಶ್ರಯದಲ್ಲಿದ್ದುದರಿಂದ ಅವರ ವಿಶ್ವಾಸವನ್ನೇ ಶಂಕಿಸಿದವರುಂಟು. ಅವರು ಬರೆದ ಪೂಜಾಗ್ರಂಥಗಳೇ ಆ ಶಂಕೆಗೆ ತಕ್ಕ ಸಮಾಧಾನ. 1940ರಲ್ಲಿ ಇಟಲಿಯು ಯುದ್ಧಕ್ಕಿಳಿಯಲು, ಬ್ರಿಟಿಷ್ ಸರ್ಕಾರವು ಮಾರಿಯೋನನ್ನು ಅಹಮದ್‌ನಗರದ ಶಿಬಿರಕ್ಕೆ ಒಯ್ದಿತು. ತಾಯಿ ಅಡಿಯಾರಿನ ಆವರಣವನ್ನು ದಾಟದಂತೆ ನಿರ್ಬಂಧಿಸಿತು. ಎರಡನೆಯ ಬಾರಿ ಅಗಲಿಕೆ. ಆಗಸ್ಟ್ 31ರಂದು, ಅವರಿಗೆ ಎಪ್ಪತ್ತು ತುಂಬಿದ ದಿನ, ಮಗನ ಬಿಡುಗಡೆಯ ತಂತಿಯು ವೈಸರಾಯರಿಂದ ಬಂತು. ಮುಂದೆ ಕೊಡೈಕನಾಲಿನ ಬೆಟ್ಟದಲ್ಲಿಯೂ ಸುಮಾರು ಎರಡು ವರ್ಷ ಮಕ್ಕಳೊಡನೆ ಕೆಲಸ ಮಾಡಿ, ಭಾರತದಲ್ಲಿ ನೂರಾರು ಶಿಕ್ಷಕರನ್ನು ಸಿದ್ಧಪಡಿಸಿದರು.

1952ರ ಮೇ 6ರಂದು ಹಾಲೆಂಡಿನ ನೂರ್ಡ್‌ವೈಕ್ ಎಂಬ ಕಡಲತಡಿಯ ಊರಿನಲ್ಲಿ ಅವರು ದೈವಾಧೀನರಾದರು. ಅಲ್ಲಿಯ ಕಥೋಲಿಕ ಸ್ಮಶಾನದಲ್ಲಿ ಅವರ ಸಮಾಧಿಯಿದೆ. ಎರಡು ವರ್ಷಗಳ ತರುವಾಯ ರೋಮ್ ನಗರದಲ್ಲಿ ಸೋಫಿಯಾ ಕವಲೆತ್ತಿ ಮತ್ತು ಜಾನ್ನಾ ಗೊಬ್ಬಿ ಎಂಬ ಇಬ್ಬರು ಮಹಿಳೆಯರು ಬಾರ್ಸಿಲೋನಾದ ಆ ಪ್ರಯತ್ನವನ್ನು ಮುಂದುವರಿಸಿದರು. ಅವರ ಮಕ್ಕಳು ಕೈಯಾರೆ ಜೋಡಿಸುವ ಮರದ ವೃತ್ತವೊಂದುಂಟು. ಅದರಲ್ಲಿ ವರ್ಷದ ಒಂದೊಂದು ಭಾನುವಾರಕ್ಕೆ ಒಂದೊಂದು ಬಣ್ಣದ ತುಂಡು. ವೃತ್ತವು ಆಗಮನ ಕಾಲದ ನಾಲ್ಕು ನೇರಳೆ ತುಂಡುಗಳಿಂದ ಆರಂಭವಾಗುತ್ತದೆ. ಅವುಗಳ ಪಕ್ಕದಲ್ಲಿ ಮಗು ಇಡುವ ತುಂಡು ಕ್ರಿಸ್ತಜಯಂತಿಯದು. ಅದರ ಬಣ್ಣ ಬಿಳಿ.