ಬಡವರ ಬಿಷಪ್ ಹೆಲ್ಡರ್ ಕಾಮರಾ

ರಾಷ್ಟ್ರದ ಸಂಪತ್ತು ಏರುತ್ತಿರುವಾಗಲೇ ಬಡವನ ತುತ್ತು ಕಿರಿದಾಗುವುದು ಸಾಧ್ಯವೇ? ಈ ಪ್ರಶ್ನೆಯನ್ನು ಅಧಿಕಾರಸ್ಥರ ಮುಂದಿಟ್ಟು ಅದರ ಬೆಲೆ ತೆತ್ತವರು ಬ್ರೆಜಿಲ್ ದೇಶದ ಆರ್ಚ್‌ಬಿಷಪ್ ಹೆಲ್ಡರ್ ಕಾಮರಾ. ಅವರ ಜೀವನವನ್ನು ಈ ವಾರ ನಾವು ಸ್ಮರಿಸೋಣ.

1909ರ ಫೆಬ್ರವರಿ 7ರಂದು ಫೋರ್ತಲೇಜಾ ನಗರದಲ್ಲಿ ಜನಿಸಿದ ಅವರು 1931ರಲ್ಲಿ ಗುರುದೀಕ್ಷೆ ಪಡೆದರು. ಯೌವನದಲ್ಲಿ ಅವರು ಸರ್ವಾಧಿಕಾರದತ್ತ ಒಲವಿದ್ದ ಇಂಟೆಗ್ರಲಿಸ್ಟ್ ಚಳವಳಿಯಲ್ಲಿ ದುಡಿದದ್ದನ್ನು ನಾವು ಮರೆಮಾಚಬೇಕಾಗಿಲ್ಲ. ಅದು ತಪ್ಪಾಗಿತ್ತೆಂದು ಅವರೇ ಮುಂದೆ ಒಪ್ಪಿಕೊಂಡರು.

1952ರಲ್ಲಿ ಅವರು ರಿಯೊ ಡಿ ಜನೈರೊದ ಸಹಾಯಕ ಬಿಷಪರಾದರು. ಅದೇ ವರ್ಷ ಬ್ರೆಜಿಲಿನ ಬಿಷಪರ ರಾಷ್ಟ್ರೀಯ ಮಂಡಳಿ ಅವರ ಪರಿಶ್ರಮದಿಂದ ರೂಪುಗೊಂಡಿತು. 1955ರ ಅಂತಾರಾಷ್ಟ್ರೀಯ ಪರಮಪ್ರಸಾದ ಸಮ್ಮೇಳನದ ಬಳಿಕ ಕೊಳೆಗೇರಿಯ ಜನರಿಗೆ ಮನೆಗಳನ್ನು ಕಟ್ಟಿಸಲು ತೊಡಗಿದರು. ಆದರೆ ಗುಡಿಸಲುಗಳು ಹೆಚ್ಚುತ್ತಲೇ ಹೋದವು. ದಾನವು ಗಾಯವನ್ನು ತೊಳೆಯಬಲ್ಲದು. ಗಾಯದ ಕಾರಣವನ್ನು ನೀಗಿಸಲು ನ್ಯಾಯವೇ ಬೇಕು.

1964ರಲ್ಲಿ ಸೇನೆ ಅಧಿಕಾರವನ್ನು ಕಸಿದುಕೊಂಡ ಕೆಲವೇ ದಿನಗಳಲ್ಲಿ ಅವರು ಓಲಿಂಡಾ ಮತ್ತು ರೆಸಿಫೆಯ ಆರ್ಚ್‌ಬಿಷಪರಾಗಿ ಅಧಿಕಾರ ವಹಿಸಿಕೊಂಡರು. ಅದು ಕಬ್ಬಿನ ಎಸ್ಟೇಟುಗಳ, ಹಸಿದ ಕೂಲಿಗಳ ನಾಡು. 1968ರಿಂದ 1973ರವರೆಗೆ ಬ್ರೆಜಿಲಿನ ಉತ್ಪಾದನೆ ವರ್ಷಕ್ಕೆ ಸರಾಸರಿ ಶೇ. 10ಕ್ಕೂ ಮಿಕ್ಕಿ ಬೆಳೆಯಿತು. ಹೆದ್ದಾರಿಗಳು, ಅಣೆಕಟ್ಟುಗಳು, ಕಾರು ಕಾರ್ಖಾನೆಗಳು ತಲೆಯೆತ್ತಿದವು. ಲೋಕವು ಇದನ್ನು ಪವಾಡವೆಂದು ಕೊಂಡಾಡಿತು. ಆದರೆ ಮುಷ್ಕರಗಳನ್ನು ಹತ್ತಿಕ್ಕಿ ಕೂಲಿಯನ್ನು ಬಿಗಿಹಿಡಿಯಲಾಗಿತ್ತು. 1960ರ ಜನಗಣತಿಯಲ್ಲಿ ಅತಿ ಶ್ರೀಮಂತ ಹತ್ತನೆಯ ಒಂದು ಭಾಗದವರ ಕೈಯಲ್ಲಿದ್ದ ಆದಾಯ ಸುಮಾರು ಶೇ. 40. 1970ರ ವೇಳೆಗೆ ಅದು ಶೇ. 46ನ್ನೂ ದಾಟಿತು.

ವಸ್ತುಗಳ ವೃದ್ಧಿ ಸಾಧನ ಮಾತ್ರ, ಮನುಷ್ಯನೇ ಗುರಿ. ಸಾಧನಕ್ಕಾಗಿ ಗುರಿಯನ್ನೇ ಬಲಿಗೊಟ್ಟರೆ ಅದು ಅಭಿವೃದ್ಧಿಯಾಗದು. ಹೆಲ್ಡರ್ ಇದನ್ನು ಬಾಳಿ ತೋರಿದರು. 1968ರಲ್ಲಿ ಬಿಷಪರ ಅರಮನೆಯನ್ನು ತೊರೆದು ಹಳೆಯ ಇಗರ್ಜಿಯೊಂದರ ಹಿಂಬದಿಯ ಪುಟ್ಟ ಕೋಣೆಗಳಲ್ಲಿ ನೆಲೆಸಿದರು. ಚಿನ್ನದ ಶಿಲುಬೆಯ ಬದಲು ಮರದ ಶಿಲುಬೆ ಧರಿಸಿದರು. ಜನ ಅವರನ್ನು ಕೆಂಪು ಬಿಷಪ್ ಎಂದು ಜರೆದರು. ಅವರ ವಾಸಸ್ಥಾನಕ್ಕೆ ಗುಂಡುಗಳು ಬಿದ್ದವು. 1969ರ ಮೇ ತಿಂಗಳಲ್ಲಿ ಅವರ ಸಹಾಯಕ ಯುವಗುರು ಆಂಟೋನಿಯೊ ಹೆನ್ರಿಕ್ ಹತರಾದರು. ಆದರೂ ಹೆಲ್ಡರ್ ಅಹಿಂಸೆಯನ್ನು ಬಿಡಲಿಲ್ಲ. 1970ರಲ್ಲಿ ಪ್ಯಾರಿಸಿನಲ್ಲಿ ಕೈದಿಗಳ ಚಿತ್ರಹಿಂಸೆಯನ್ನು ಬಹಿರಂಗಪಡಿಸಿದ ಬಳಿಕ, ಹಲವು ವರ್ಷ ಸ್ವದೇಶದ ಪತ್ರಿಕೆಗಳು ಅವರ ಹೆಸರನ್ನೂ ಅಚ್ಚುಹಾಕುವಂತಿರಲಿಲ್ಲ.

1985ರಲ್ಲಿ ಸೇನಾಡಳಿತ ಕೊನೆಗೊಂಡಿತು. ಅದೇ ವರ್ಷ ಅವರು ನಿವೃತ್ತರಾದರು. 1999ರ ಆಗಸ್ಟ್ 27ರಂದು, ತೊಂಬತ್ತರ ವಯಸ್ಸಿನಲ್ಲಿ ಪ್ರಭುವಿನ ಸನ್ನಿಧಿ ಸೇರಿದರು. ಅವರನ್ನು ಪುನೀತರೆಂದು ಘೋಷಿಸುವ ಪ್ರಕ್ರಿಯೆ 2015ರಲ್ಲಿ ಆರಂಭವಾಯಿತು.

ನಮ್ಮ ಮನೆಯಲ್ಲಿ ಸಮೃದ್ಧಿ ತುಂಬಿದಾಗ, ಅದರಲ್ಲಿ ಯಾರ ಕೂಲಿ ಬಾಕಿಯಿದೆಯೆಂದು ನಾವೂ ಒಮ್ಮೆ ಲೆಕ್ಕ ಹಾಕೋಣ.