ದಪ್ಪ ಒಂದೇ ಇದ್ದರೆ ಸ್ಕ್ರೂ ಕೂರುತ್ತದೆಯೇ? ಹಳೆಯ ರಂದಾದ ಹಿಂದಿರುವ ವಿಟ್‌ವರ್ತ್ ಕಥೆ

ಕೋಡ್ಲಾದಲ್ಲೋ ಸೇಡಂನಲ್ಲೋ ಒಬ್ಬ ಬಡಿಗೇರರ ಮನೆಯ ಪೆಟ್ಟಿಗೆಯಲ್ಲಿ ಅಜ್ಜನ ಕಾಲದ ಕಬ್ಬಿಣದ ರಂದಾ ಇದೆ ಎಂದುಕೊಳ್ಳಿ. ಅಲಗು ಚೆನ್ನಾಗಿದೆ, ತಳ ಚೆನ್ನಾಗಿದೆ, ಹಿಡಿಯ ಸ್ಕ್ರೂ ಮಾತ್ರ ಕಳೆದುಹೋಗಿದೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಅದೇ ದಪ್ಪ ಕಾಣುವ ಸ್ಕ್ರೂ ತಂದು ಹಾಕಿದರೆ ಮೊದಲ ಎರಡು ಸುತ್ತು ಸಲೀಸಾಗಿ ಹೋಗುತ್ತದೆ, ಆಮೇಲೆ ಬಿಗಿಯುತ್ತದೆ. ಜೋರಾಗಿ ತಿರುಗಿಸಿದರೆ ಕೂರುತ್ತದೆ ಎಂದು ಯಾರೋ ಹೇಳುತ್ತಾರೆ. ಇದು ನಿಜವೇ?

ಅಲ್ಲ. ಹಾಗೆ ಮಾಡಿದರೆ ರಂದಾದೊಳಗಿನ ಥ್ರೆಡ್ ಹಾಳಾಗುತ್ತದೆ. ಎರಕದ ಕಬ್ಬಿಣ ಬಾಗುವುದಿಲ್ಲ, ಸೀಳುತ್ತದೆ. ಯಾಕೆ ಹೀಗೆ ಎಂದು ತಿಳಿಯಲು ಸುಮಾರು 200 ವರ್ಷ ಹಿಂದಿನ ಒಬ್ಬ ಮೆಕ್ಯಾನಿಕ್‌ನ ಬದುಕನ್ನು ನೋಡಬೇಕು.

ಹತ್ತಿ ಗಿರಣಿಯ ಹುಡುಗ

ಜೋಸೆಫ್ ವಿಟ್‌ವರ್ತ್ ಹುಟ್ಟಿದ್ದು 1803ರ ಡಿಸೆಂಬರ್ 21ರಂದು, ಇಂಗ್ಲೆಂಡಿನ ಸ್ಟಾಕ್‌ಪೋರ್ಟ್‌ನಲ್ಲಿ. ತಂದೆ ಶಾಲಾ ಮೇಷ್ಟ್ರು. 14ನೇ ವಯಸ್ಸಿಗೆ ಹುಡುಗನನ್ನು ಸಂಬಂಧಿಕರ ಹತ್ತಿ ಗಿರಣಿಗೆ ಕಳಿಸಿದರು. ಹತ್ತಿಯ ವ್ಯಾಪಾರಕ್ಕಿಂತ ಗಿರಣಿಯ ಯಂತ್ರಗಳೇ ಅವರನ್ನು ಸೆಳೆದವು. ಕೆಲ ವರ್ಷಗಳಲ್ಲೇ ಗಿರಣಿ ಬಿಟ್ಟು ಮ್ಯಾಂಚೆಸ್ಟರ್‌ಗೆ ಹೋಗಿ ಮೆಕ್ಯಾನಿಕ್ ಆದರು. 1825ರಲ್ಲಿ ಮದುವೆಯಾಗಿ ಲಂಡನ್‌ಗೆ ಬಂದು, ಆ ಕಾಲದ ಹೆಸರಾಂತ ಯಂತ್ರಶಿಲ್ಪಿ ಹೆನ್ರಿ ಮಾಡ್ಸ್‌ಲೇ ಅವರ ಕಾರ್ಖಾನೆ ಸೇರಿದರು.

ಅಲ್ಲಿ ಅವರು ಕಲಿತ ಮೊದಲ ಪಾಠ ಸಮತಟ್ಟಾದ ಮೈ. ಎರಡು ಫಲಕಗಳನ್ನು ಒಂದಕ್ಕೊಂದು ಹೊಂದಿಸಿದರೆ ಒಂದು ಉಬ್ಬಿ, ಇನ್ನೊಂದು ತಗ್ಗಿ, ಎರಡೂ ಸರಿಯಿರುವಂತೆ ಕಾಣಬಹುದು. ಆದರೆ ಮೂರು ಫಲಕಗಳು ಪರಸ್ಪರ ಹೊಂದಿದರೆ ಮೂರೂ ಸಮತಟ್ಟಾಗಿರಲೇಬೇಕು. ಹೀಗೆ ಹೋಲಿಸುತ್ತಾ, ಎತ್ತರ ಇರುವ ಕಡೆ ಹೆರೆಯುತ್ತಾ ಹೋಗುವ ವಿಧಾನವನ್ನು ಅವರು ಪಕ್ವಗೊಳಿಸಿದರು. ನಮ್ಮ ರಂದಾದ ತಳ ಎಷ್ಟು ಸಮವಿದೆಯೋ ಮರವೂ ಅಷ್ಟೇ ಸಮವಾಗುತ್ತದೆ ಎಂಬುದು ಬಡಿಗೇರರಿಗೆ ಗೊತ್ತಿರುವ ವಿಷಯವೇ.

ಊರಿಗೊಂದು ಸ್ಕ್ರೂ

1833ರಲ್ಲಿ ವಿಟ್‌ವರ್ತ್ ಮ್ಯಾಂಚೆಸ್ಟರ್‌ನಲ್ಲಿ ಸ್ವಂತ ಕೆಲಸ ಶುರು ಮಾಡಿದರು. ಆಗ ಪ್ರತಿ ಕಾರ್ಖಾನೆಯೂ ತನಗೆ ತೋಚಿದ ಹಾಗೆ ಸ್ಕ್ರೂ ಮಾಡುತ್ತಿತ್ತು. ಒಂದು ಕಾರ್ಖಾನೆಯ ಬೋಲ್ಟ್ ಇನ್ನೊಂದರ ನಟ್‌ಗೆ ಕೂರುತ್ತಿರಲಿಲ್ಲ. ಯಂತ್ರ ಕೆಟ್ಟರೆ ಮಾಡಿದವರ ಬಳಿಗೇ ಹೋಗಬೇಕಿತ್ತು.

ವಿಟ್‌ವರ್ತ್ ಹೊಸದೊಂದು ಸ್ಕ್ರೂವನ್ನು ಮನಸ್ಸಿನಿಂದ ಹುಟ್ಟಿಸಲಿಲ್ಲ. ಬೇರೆ ಬೇರೆ ಕಾರ್ಖಾನೆಗಳ ಸ್ಕ್ರೂಗಳನ್ನು ತರಿಸಿ, ಅಳೆದು, ಸರಾಸರಿ ತೆಗೆದರು. 1841ರಲ್ಲಿ ಸಿವಿಲ್ ಎಂಜಿನಿಯರುಗಳ ಸಂಸ್ಥೆಯ ಮುಂದೆ ಆ ಲೆಕ್ಕವನ್ನು ಇಟ್ಟರು. ಥ್ರೆಡ್‌ನ ಕೋನ 55 ಡಿಗ್ರಿ. ಕಾಲು ಇಂಚಿನ ಸ್ಕ್ರೂಗೆ ಇಂಚಿಗೆ 20 ಸುತ್ತು, ಅರ್ಧ ಇಂಚಿಗೆ 12, ಒಂದು ಇಂಚಿಗೆ 8. ಬ್ರಿಟನ್ನಿನ ರೈಲ್ವೆ ಕಂಪನಿಗಳು ಇದನ್ನು ಒಪ್ಪಿಕೊಂಡವು. 1874ರಲ್ಲಿ ವಾಡಿಯಿಂದ ಚಿತ್ತಾಪುರ, ಸೇಡಂ ದಾಟಿ ಸಿಕಂದರಾಬಾದಿಗೆ ರೈಲು ಓಡುವ ಹೊತ್ತಿಗೆ ಬ್ರಿಟಿಷ್ ಯಂತ್ರಗಳಲ್ಲಿ ಇದೇ ಲೆಕ್ಕ ಬೇರೂರಿತ್ತು.

ಹಾಗಾದರೆ ರಂದಾಕ್ಕೆ ಏಕೆ ಕೂರುವುದಿಲ್ಲ?

ಎಲ್ಲರೂ ವಿಟ್‌ವರ್ತ್ ದಾರಿ ಹಿಡಿಯಲಿಲ್ಲ. ಅಮೆರಿಕದಲ್ಲಿ ವಿಲಿಯಂ ಸೆಲ್ಲರ್ಸ್ 1864ರಲ್ಲಿ 60 ಡಿಗ್ರಿಯ ಬೇರೆ ಲೆಕ್ಕ ಕೊಟ್ಟರು. ಅರ್ಧ ಇಂಚಿಗೆ ಅವರದ್ದು 13 ಸುತ್ತು. ಇನ್ನು ರಂದಾ ಮಾಡುತ್ತಿದ್ದ ಅಮೆರಿಕದ ಸ್ಟ್ಯಾನ್ಲಿ ಕಂಪನಿಯ ಅಳತೆಗಳೇ ಬೇರೆ. ಹಿಡಿಯ ಸ್ಕ್ರೂ ಸುಮಾರು 5.5 ಮಿ.ಮೀ. ದಪ್ಪ, ಇಂಚಿಗೆ 20 ಸುತ್ತು. ಅಲಗನ್ನು ಒತ್ತಿ ಹಿಡಿಯುವ ಮುಚ್ಚಳದ ಸ್ಕ್ರೂ ಸುಮಾರು 7.1 ಮಿ.ಮೀ., ಇಂಚಿಗೆ 24 ಸುತ್ತು. ಇವತ್ತು ಅಂಗಡಿಯಲ್ಲಿ ಸಿಗುವುದು ಹೆಚ್ಚಾಗಿ ಮಿಲಿಮೀಟರ್ ಲೆಕ್ಕದ ಸ್ಕ್ರೂ. ಅದರಲ್ಲಿ 5 ಮಿ.ಮೀ. ಸಡಿಲ, 6 ಮಿ.ಮೀ. ದಪ್ಪ.

ಕಾಲು ಇಂಚಿನ ರಂಧ್ರಕ್ಕೂ ಇದೇ ಕಥೆ. ಕಾಲು ಇಂಚು ಎಂದರೆ 6.35 ಮಿ.ಮೀ. ಅಲ್ಲಿ ಒಂದು ಸುತ್ತಿಗೆ 1.27 ಮಿ.ಮೀ. ಮುಂದೆ ಹೋಗಬೇಕು. 6 ಮಿ.ಮೀ. ಸ್ಕ್ರೂ ಒಂದು ಸುತ್ತಿಗೆ 1 ಮಿ.ಮೀ. ಮಾತ್ರ ಹೋಗುತ್ತದೆ. ನಾಲ್ಕು ಸುತ್ತಿಗೆ ವ್ಯತ್ಯಾಸ ಒಂದು ಮಿ.ಮೀ. ದಾಟುತ್ತದೆ, ಹಲ್ಲಿಗೆ ಹಲ್ಲು ತಿಕ್ಕುತ್ತದೆ.

ಏನು ಮಾಡಬೇಕು?

• ಉಳಿದಿರುವ ಒಂದು ಸ್ಕ್ರೂ ಬಿಚ್ಚಿ, ವರ್ನಿಯರ್‌ನಿಂದ ದಪ್ಪ ಅಳೆಯಿರಿ.
• ಅದರ ಮೇಲೆ ಕಾಗದ ಒತ್ತಿ, ಒಂದು ಇಂಚಿನೊಳಗೆ ಬಿದ್ದ ಗೆರೆ ಎಣಿಸಿರಿ.
• ಅದೇ ಕಂಪನಿಯ ಒಡೆದ ರಂದಾ ಗುಜರಿಯಲ್ಲಿ ಸಿಕ್ಕರೆ ಅದರ ಸ್ಕ್ರೂ ತೆಗೆದುಕೊಳ್ಳಿ.
• ಸಿಗದಿದ್ದರೆ ಇಂಚಿನ ಥ್ರೆಡ್ ಹಾಕಬಲ್ಲ ಲೇತ್ ಅಂಗಡಿಗೆ ಮಾದರಿ ಸ್ಕ್ರೂ ಒಯ್ದು ಹೊಸದು ಮಾಡಿಸಿ.
• ರಂಧ್ರವನ್ನು ದೊಡ್ಡದು ಮಾಡಿ ಹೊಸ ಥ್ರೆಡ್ ಹಾಕಬೇಡಿ. ಆಮೇಲೆ ಮೂಲ ಸ್ಕ್ರೂ ಸಿಕ್ಕರೂ ಕೂರುವುದಿಲ್ಲ.
• ಅಲಗನ್ನು ಏರಿಸಿ ಇಳಿಸುವ ಹಿತ್ತಾಳೆ ಚಕ್ರದ ಥ್ರೆಡ್ ಅನೇಕ ರಂದಾಗಳಲ್ಲಿ ಎಡಗಡೆಯದ್ದು. ಅದು ಉಲ್ಟಾ ತಿರುಗುತ್ತದೆ, ಕೆಟ್ಟಿಲ್ಲ.

ಕೊನೆಯ ವರ್ಷಗಳು

ವಿಟ್‌ವರ್ತ್ ಇಂಚಿನ ಹತ್ತು ಲಕ್ಷದ ಒಂದು ಭಾಗ ಅಳೆಯುವ ಯಂತ್ರವನ್ನೂ ಮಾಡಿದರು. ಷಟ್ಕೋನ ನಳಿಗೆಯ ರೈಫಲ್ ಮಾಡಿದರು, ಬ್ರಿಟಿಷ್ ಸೇನೆ ಅದನ್ನು ಒಪ್ಪಲಿಲ್ಲ. ಬಡ ಕಾರ್ಮಿಕರ ಮಕ್ಕಳೂ ಎಂಜಿನಿಯರಿಂಗ್ ಕಲಿಯಲೆಂದು 1868ರಲ್ಲಿ ವರ್ಷಕ್ಕೆ 100 ಪೌಂಡಿನ 30 ವಿದ್ಯಾರ್ಥಿವೇತನಗಳನ್ನು ಸ್ಥಾಪಿಸಿದರು. 1887ರ ಜನವರಿ 22ರಂದು ಮಾಂಟೆ ಕಾರ್ಲೊದಲ್ಲಿ ತೀರಿಕೊಂಡರು. ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷ್, ಅಮೆರಿಕನ್ ಯಂತ್ರಗಳ ಸ್ಕ್ರೂ ಒಂದಕ್ಕೊಂದು ಕೂರದೆ ತೊಂದರೆಯಾಯಿತು. ಹಾಗಾಗಿ 1948ರಲ್ಲಿ ಬ್ರಿಟನ್, ಅಮೆರಿಕ, ಕೆನಡಾ ಸೇರಿ 60 ಡಿಗ್ರಿಯ ಒಂದೇ ಲೆಕ್ಕ ಒಪ್ಪಿಕೊಂಡವು. ವಿಟ್‌ವರ್ತ್ ಅವರ 55 ಡಿಗ್ರಿ ಹಿಂದೆ ಬಿತ್ತು, ಎಲ್ಲರದ್ದೂ ಒಂದೇ ಅಳತೆ ಇರಬೇಕೆಂಬ ಅವರ ಮಾತು ಗೆದ್ದಿತು.

ಇಷ್ಟು ನೆನಪಿಡಿ: ಸ್ಕ್ರೂ ಕೂರಲು ದಪ್ಪ, ಸುತ್ತಿನ ಲೆಕ್ಕ, ಕೋನ ಮೂರೂ ಹೊಂದಬೇಕು. ಮನೆಯಲ್ಲಿ ಅಜ್ಜನ ರಂದಾ ಇರುವವರಿಗೆ ಇದನ್ನು ಕಳಿಸಿ. ಒಂದು ಸ್ಕ್ರೂ ಇಲ್ಲವೆಂದು ಅದು ಗುಜರಿಗೆ ಹೋಗುವುದು ಬೇಡ.