ವಿಶ್ರಾಂತಿಯಿಂದ ವಾಸಿಯಾಗದ ದಣಿವು: ಜೇನ್ ಆ್ಯಡಮ್ಸ್ ಬದುಕು

ಷಿಕಾಗೋದ ಹಾಲ್‌ಸ್ಟೆಡ್ ರಸ್ತೆಯಲ್ಲಿ, ಇಲಿನಾಯ್ ವಿಶ್ವವಿದ್ಯಾಲಯದ ಕಾಂಕ್ರೀಟ್ ಕಟ್ಟಡಗಳ ಮಗ್ಗುಲಲ್ಲಿ, ಇಟ್ಟಿಗೆಯ ಹಳೆಯ ಮನೆಯೊಂದು ವಸ್ತುಸಂಗ್ರಹಾಲಯವಾಗಿ ಉಳಿದಿದೆ. ಅದೇ ಹಲ್ ಹೌಸ್. ವೈದ್ಯನಾಗಿ ಈ ದೇಶಕ್ಕೆ ಬಂದು ದಶಕಗಳು ಕಳೆದಿದ್ದರೂ ನಾನು ಅದರೊಳಗೆ ಕಾಲಿಟ್ಟದ್ದು ಕಳೆದ ವರ್ಷ, ಮಗಳೊಂದಿಗೆ. ಕಾಲೇಜಿನ ಎರಡನೆಯ ವರ್ಷದಲ್ಲಿದ್ದ ಅವಳು ಅಂಕಗಳಲ್ಲಿ ಹಿಂದೆ ಬಿದ್ದಿರಲಿಲ್ಲ. ಆದರೂ ರಜೆಗೆ ಬಂದವಳು ತನ್ನ ಓದಿನಿಂದ ಯಾರಿಗೇನು ಪ್ರಯೋಜನವೆಂದು ಕೇಳಿ ಮಂಕಾಗಿ ಕುಳಿತಿರುತ್ತಿದ್ದಳು. ಚೆನ್ನಾಗಿ ವಿಶ್ರಾಂತಿ ತೆಗೆದುಕೋ ಎಂದು ಹೇಳಿ ನಾನು ಕರ್ತವ್ಯ ಮುಗಿಸಿದ್ದೆ. ಆ ಮನೆಗೆ ಕೀರ್ತಿ ತಂದ ಜೇನ್ ಆ್ಯಡಮ್ಸ್ ಅವರಿಗೂ ಯೌವನದಲ್ಲಿ ವೈದ್ಯರಿಂದ ದೊರೆತದ್ದು ಅದೇ ಸಲಹೆಯೆಂದು ತಿಳಿದಾಗ ನನಗೆ ಸಂಕೋಚವಾಯಿತು.

ಜೇನ್ ಜನಿಸಿದ್ದು 1860ರ ಸೆಪ್ಟೆಂಬರ್ 6ರಂದು, ಇಲಿನಾಯ್ ರಾಜ್ಯದ ಸೀಡರ್‌ವಿಲ್ ಗ್ರಾಮದಲ್ಲಿ. ತಂದೆ ಗಿರಣಿಯ ಒಡೆಯರು, ರಾಜ್ಯದ ಸೆನೆಟರ್, ಲಿಂಕನ್ನರ ಪರಿಚಿತರು. ಮಗುವಿಗೆ ಎರಡು ವರ್ಷವಾಗಿದ್ದಾಗ ತಾಯಿ ತೀರಿಕೊಂಡರು. ಬಾಲ್ಯದಲ್ಲೇ ತಗುಲಿದ ಬೆನ್ನುಮೂಳೆಯ ಕ್ಷಯ ಅವರ ಬೆನ್ನನ್ನು ಬಾಗಿಸಿತು. 1881ರಲ್ಲಿ ರಾಕ್‌ಫರ್ಡ್‌ನ ಮಹಿಳಾ ವಿದ್ಯಾಲಯದಲ್ಲಿ ಪ್ರಥಮ ಸ್ಥಾನದೊಂದಿಗೆ ವ್ಯಾಸಂಗ ಮುಗಿಸಿದರು. ಅದೇ ಬೇಸಿಗೆಯಲ್ಲಿ ತಂದೆಯೂ ಅಗಲಿದರು.

ವೈದ್ಯೆಯಾಗಬೇಕೆಂದು ಅವರು ಫಿಲಡೆಲ್ಫಿಯಾದ ಮಹಿಳಾ ವೈದ್ಯಕೀಯ ಕಾಲೇಜನ್ನು ಸೇರಿದರಾದರೂ ಬೆನ್ನುನೋವು ಮತ್ತು ಮನೋವ್ಯಥೆಗಳಿಂದ ಕುಸಿದು ಓದನ್ನು ನಿಲ್ಲಿಸಬೇಕಾಯಿತು. ಆಗ ಅವರು ಸೇರಿದ್ದು ವೀರ್ ಮಿಚೆಲ್ ಎಂಬ ನರರೋಗ ತಜ್ಞರ ಆಸ್ಪತ್ರೆಯನ್ನು. ಹಾಸಿಗೆ, ಏಕಾಂತ, ಪುಷ್ಟಿಕರ ಆಹಾರ, ಬುದ್ಧಿಗೆ ಬಿಡುವು: ಇದು ಮಿಚೆಲ್ಲರ ಪ್ರಸಿದ್ಧ ವಿಶ್ರಾಂತಿ ಚಿಕಿತ್ಸೆ. ಮುಂದೆ ಶಸ್ತ್ರಚಿಕಿತ್ಸೆ ಬೆನ್ನಿಗೆ ನೆರವಾಯಿತು. ಮನಸ್ಸಿಗೆ ನೆರವಾದದ್ದು ಯಾವುದೂ ಇರಲಿಲ್ಲ. ಯೂರೋಪನ್ನು ಸುತ್ತಿದರು, ಭಾಷೆಗಳನ್ನು ಕಲಿತರು, ಚಿತ್ರಶಾಲೆಗಳನ್ನು ನೋಡಿದರು. ಹೀಗೆ ಕಲಿತದ್ದೆಲ್ಲವೂ ಬಳಕೆಗೆ ಬಾರದೆ ಒಳಗೇ ಭಾರವಾಗಿ ಕುಳಿತಿತ್ತು.

1888ರಲ್ಲಿ ಲಂಡನ್ನಿನ ಬಡವರ ವಸತಿಯಾದ ಈಸ್ಟ್ ಎಂಡ್‌ನಲ್ಲಿ ಟಾಯ್ನ್‌ಬಿ ಹಾಲನ್ನು ಕಂಡರು. ವಿಶ್ವವಿದ್ಯಾಲಯದ ತರುಣರು ಅಲ್ಲಿ ಬಡವರ ನೆರೆಹೊರೆಯವರಾಗಿ ಬದುಕುತ್ತಿದ್ದರು. ಮರುವರ್ಷದ ಸೆಪ್ಟೆಂಬರಿನಲ್ಲಿ ಜೇನ್ ಮತ್ತು ಗೆಳತಿ ಎಲೆನ್ ಗೇಟ್ಸ್ ಸ್ಟಾರ್ ಷಿಕಾಗೋದ ವಲಸಿಗರ ನಡುವೆ ಹಲ್ ಹೌಸ್ ಆರಂಭಿಸಿದರು. ಶಿಶುವಿಹಾರ, ಸಂಜೆಯ ತರಗತಿಗಳು, ಉಪನ್ಯಾಸಗಳು ಒಂದೊಂದಾಗಿ ಬೆಳೆದವು. ಕಲಿಸಲು ಬಂದ ಕಾಲೇಜು ಯುವತಿಯರು ಇಟಲಿಯ, ಗ್ರೀಸಿನ, ಪೂರ್ವ ಯೂರೋಪಿನ ಕುಟುಂಬಗಳಿಂದ ತಾವೇ ಕಲಿಯತೊಡಗಿದರು. ಮನೆಮನೆಗೆ ಹೋಗಿ ಕೂಲಿ, ಕುಟುಂಬ, ಮೂಲದೇಶಗಳನ್ನು ದಾಖಲಿಸಿ 1895ರಲ್ಲಿ ನಕ್ಷೆಗಳ ಗ್ರಂಥವನ್ನು ಹೊರತಂದರು. ಅದೇ ವರ್ಷ ಜೇನ್ 19ನೆಯ ವಾರ್ಡಿನ ಕಸದ ಮೇಲ್ವಿಚಾರಕಿಯಾಗಿ, ಮುಂಜಾನೆಯೇ ಎದ್ದು ಕಸದ ಗಾಡಿಗಳ ಹಿಂದೆ ನಡೆದರು. ನಾಗರಿಕತೆಯ ಪಾಠವನ್ನು ಅವರು ಕಲಿತದ್ದೂ ಕಲಿಸಿದ್ದೂ ಹೀಗೆ. ಶಿಕ್ಷಣ ತತ್ತ್ವಜ್ಞ ಜಾನ್ ಡ್ಯೂಯಿ ಆ ಮನೆಯ ಆಪ್ತರಾದದ್ದು ಆಕಸ್ಮಿಕವಲ್ಲ. 1897ರಲ್ಲಿ ಅಲ್ಲಿಗೆ ಬಂದು ನೆಲೆಸಿದ ವೈದ್ಯೆ ಅಲೀಸ್ ಹ್ಯಾಮಿಲ್ಟನ್ ಮುಂದೆ ಕಾರ್ಮಿಕರನ್ನು ಕಾಡುತ್ತಿದ್ದ ಸೀಸದ ವಿಷವನ್ನು ಬಯಲಿಗೆಳೆದರು. 1919ರಲ್ಲಿ ಹಾರ್ವರ್ಡ್‌ನ ಮೊದಲ ಮಹಿಳಾ ಅಧ್ಯಾಪಕಿಯಾದರು.

1892ರ ಉಪನ್ಯಾಸವೊಂದರಲ್ಲಿ ಜೇನ್ ನಿಸ್ಸಂಕೋಚವಾಗಿ ಒಂದು ಮಾತನ್ನು ಒಪ್ಪಿಕೊಂಡರು: ಇಂಥ ಮನೆಗಳು ಬಡವರಿಗೆ ಬೇಕಾದಷ್ಟೇ, ಓದಿಯೂ ಉದ್ದೇಶವಿಲ್ಲದೆ ಬಳಲುವ ತರುಣರಿಗೂ ಬೇಕು. ಮೊದಲ ಮಹಾಯುದ್ಧವನ್ನು ವಿರೋಧಿಸಿದಾಗ ನಾಡು ಅವರನ್ನು ನಿಂದಿಸಿತು; ಅವರು ಹಿಂಜರಿಯಲಿಲ್ಲ. 1931ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿಯನ್ನು ನಿಕೋಲಸ್ ಮರ್ರೆ ಬಟ್ಲರ್ ಅವರೊಂದಿಗೆ ಹಂಚಿಕೊಂಡರು. 1935ರ ಮೇ 21ರಂದು ನಿಧನರಾದರು.

ವೈದ್ಯನಾಗಿ ಒಂದು ಎಚ್ಚರಿಕೆಯನ್ನು ಹೇಳಲೇಬೇಕು. ಖಿನ್ನತೆಗೆ ಚಿಕಿತ್ಸೆ ಬೇಕು. ಸಮಾಜಸೇವೆ ಅದಕ್ಕೆ ಬದಲಿಯಲ್ಲ. ಆದರೆ ಕಲಿಕೆಗೂ ಬದುಕಿಗೂ ನಂಟು ಕಡಿದಾಗ ಹುಟ್ಟುವ ಬರಿದುತನವನ್ನು ನಿದ್ರೆಯೊಂದೇ ತುಂಬಲಾರದು. ಎಂಬಿಬಿಎಸ್ ಓದುವಾಗ ಹಳ್ಳಿಯ ಮನೆಮನೆ ಸಮೀಕ್ಷೆಯನ್ನು ಹಾಜರಾತಿಗಾಗಿ ಶಪಿಸುತ್ತಲೇ ಮಾಡಿದ್ದೆ. ಇಂದು ಅನೇಕ ಪಠ್ಯಗಳು ಮರೆತಿವೆ; ಬಾವಿಯ ಕಟ್ಟೆಯ ಮೇಲೆ ಕೂರಿಸಿ, ಮಕ್ಕಳಿಗೆ ಭೇದಿ ಏಕಾಗುತ್ತದೆಂದು ನನ್ನನ್ನೇ ಪ್ರಶ್ನಿಸಿದ ಅಜ್ಜಿ ಮರೆತಿಲ್ಲ.

ಮಗಳು ಈಗ ಸಮಾಜಶಾಸ್ತ್ರದ ಪಾಠದ ಭಾಗವಾಗಿ, ಹೊಸದಾಗಿ ಬಂದ ನಿರಾಶ್ರಿತರಿಗೆ ವಾರಕ್ಕೆರಡು ಸಂಜೆ ಇಂಗ್ಲಿಷ್ ಕಲಿಸುತ್ತಾಳೆ. ಆಪ್ತಸಲಹೆಗಾರರನ್ನು ಕಾಣುವುದನ್ನೂ ಬಿಟ್ಟಿಲ್ಲ. ದಣಿವು ಪೂರ್ತಿ ಹೋಗಿದೆಯೆಂದು ಹೇಳಲಾರೆ. ಆದರೆ ಈಚೆಗೆ ಫೋನ್ ಮಾಡಿದಾಗಲೆಲ್ಲ ಅವಳು ತನ್ನ ವಿದ್ಯಾರ್ಥಿಗಳ ಸುದ್ದಿಯನ್ನೇ ಮೊದಲು ಹೇಳುತ್ತಾಳೆ; ನಾನು ಸಲಹೆ ಕೊಡದೆ ಕೇಳಿಸಿಕೊಳ್ಳುತ್ತೇನೆ.